ಗುಂಡ ಬೊಲೆರೊ ಏರಿದ 26 ದಿನ: ಧಾರವಾಡದ ಒಂದು ಪ್ರಕರಣ

ಗುಂಡ 8 ವರ್ಷದ ಜರ್ಮನ್ ಶೆಫರ್ಡ್. ತೂಕ 38 ಕೆಜಿ. ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಮಾಸ್ತರು ಮತ್ತು ಅಕ್ಕೋರು ಇರುವ ಹಳೆಯ ಮನೆ ಅವನದು. ಇಬ್ಬರೂ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮಗನ ಬಳಿ ಒಂದು ಬೊಲೆರೊ ಇದೆ. ಗುಂಡನನ್ನು ಡಾಕ್ಟರ್ ಹತ್ತಿರ ಕರೆದೊಯ್ಯುವುದು ಅದರಲ್ಲೇ.

ಮೊದಲು ಅವನು ಒಂದೇ ಜಿಗಿತಕ್ಕೆ ಹಿಂದಿನ ಬಾಗಿಲಿಂದ ಒಳಗೆ ಹೋಗುತ್ತಿದ್ದ. ಕಳೆದ ಬೇಸಿಗೆಯಿಂದ ಜಿಗಿತ ನಿಂತಿತು. ಮುಂಗಾಲು ಎತ್ತಿ ಇಟ್ಟು ಅಲ್ಲೇ ನಿಲ್ಲುತ್ತಿದ್ದ, ಹಿಂಗಾಲು ಮೇಲೆ ಬರುತ್ತಿರಲಿಲ್ಲ. ಮನೆಗೆ ಬಂದು ನೋಡಿದ ಪಶುವೈದ್ಯರು ಸೊಂಟದ ಕೀಲು ಸವೆದಿರಬಹುದು ಎಂದರು. ಈ ತಳಿಯಲ್ಲಿ ಸೊಂಟದ ಕೀಲಿನ ತೊಂದರೆ ಜಾಸ್ತಿ. ಹುಬ್ಬಳ್ಳಿಗೆ ಕರೆತಂದು ಎಕ್ಸ್‌ರೇ ಮಾಡಿಸಿ, ಇನ್ನು ಮೇಲೆ ಜಿಗಿಯಲು ಬಿಡಬೇಡಿ ಎಂದು ಹೇಳಿ ಹೋದರು.

ಸರಿ, ಜಿಗಿಯದೆ ಏರುವುದು ಹೇಗೆ? ಮಗ ಮತ್ತು ಅವನ ಗೆಳೆಯ ಎತ್ತಿ ಹಾಕಲು ನೋಡಿದರು. ಹೊಟ್ಟೆಯ ಕೆಳಗೆ ಕೈ ಹಾಕಿದ ಕೂಡಲೇ ಗುಂಡ ಗುರ್ ಎಂದ. ಎಂಟು ವರ್ಷದಲ್ಲಿ ಮನೆಯವರ ಮೇಲೆ ಅವನು ಗುರುಗುಟ್ಟಿದ್ದು ಅದೇ ಮೊದಲು. ನೋವಿರುವ ಜಾಗ ಹಿಡಿದರೆ ಇನ್ನೇನು ಮಾಡುತ್ತಾನೆ? ಆಮೇಲೆ ಮನೆ ಕಟ್ಟಿಸುವಾಗ ಉಳಿದಿದ್ದ 4 ಅಡಿಯ ಸೆಂಟ್ರಿಂಗ್ ಹಲಗೆಯನ್ನು ಬಾಗಿಲಿಗೆ ಆನಿಸಿ, ಕುತ್ತಿಗೆ ಪಟ್ಟಿ ಹಿಡಿದು ಎಳೆದರು. ಮುಂಗಾಲು ಎರಡೂ ಹಲಗೆ ಮೇಲೆ ಬಂದವು. ಹಲಗೆ ಬಂಪರ್‌ನಿಂದ ಜಾರಿ, ಗುಂಡ ಗದ್ದ ಬಡಿದುಕೊಂಡು ಬಿದ್ದ. ಅಂದಿನಿಂದ ಅವನು ಹಲಗೆ ಕಂಡರೆ ಅಂಗಳವನ್ನೇ ಬಿಟ್ಟು ಹಿತ್ತಲಿಗೆ ಓಡುತ್ತಿದ್ದ.

ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಮನೆಮನೆಗೆ ಹೋಗಿ ನಾಯಿಗಳಿಗೆ ಕಲಿಸುವವನು. ನನ್ನನ್ನು ಕರೆದದ್ದು ಇದಾದ ಮೇಲೆ. ಗೇಟಿನಲ್ಲೇ ಮಾಸ್ತರು ಹೇಳಿದರು, "ತಮ್ಮಾ, ಇದು ಕಡಿಯೂ ನಾಯಿ ಅಲ್ಲ, ಅಂಜೂ ನಾಯಿ. ಅಂಜಿದ ಹುಡುಗನ್ನ ಬಡದು ಕಲಿಸಾಕ ಆಗಂಗಿಲ್ಲ ಅಂತ ನನಗ ಗೊತ್ತೈತಿ. ಬ್ಯಾರೆ ಹಾದಿ ಹೇಳು."

ಮೊದಲು ಕೇಳಿದ್ದು ನೋವಿನ ಬಗ್ಗೆ. ನೋವು ಇದ್ದಾಗ ಕಲಿಸಿದರೆ ನಾಯಿ ಕಲಿಯುವುದು ಒಂದೇ: ಹಲಗೆ ಅಂದರೆ ನೋವು. ಪಶುವೈದ್ಯರು ಗುಳಿಗೆ ಬರೆದಿದ್ದರು, ಆದರೆ ಶುರು ಮಾಡಿರಲಿಲ್ಲ. ಅಕ್ಕೋರು ಮೊಣಕಾಲು ನೋವಿಗೆ ತಾವು ನುಂಗುವ ಗುಳಿಗೆಯಲ್ಲೇ ಅರ್ಧ ಕೊಟ್ಟರೆ ಹೇಗೆ ಎಂದು ಯೋಚಿಸಿದ್ದರಂತೆ. ಸದ್ಯ, ಕೊಟ್ಟಿರಲಿಲ್ಲ. ಐಬುಪ್ರೊಫೇನ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಕೂಡ ಅಪಾಯ. ಮನುಷ್ಯರ ನೋವಿನ ಗುಳಿಗೆಯನ್ನು ನಾಯಿಗೆ ಅಂದಾಜಿನ ಮೇಲೆ ಕೊಡಲೇಬಾರದು. ಪಶುವೈದ್ಯರು ಬರೆದದ್ದನ್ನು ಐದು ದಿನ ಕೊಟ್ಟ ಮೇಲೆ ನಾನು ಕೆಲಸ ಶುರು ಮಾಡಿದೆ. ಅಷ್ಟರಲ್ಲಿ ಹಲಗೆ ಸಿದ್ಧವಾಗಬೇಕಿತ್ತು.

ಹಲಗೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜನ ತಪ್ಪುವುದು ಇಲ್ಲೇ. ಈ ಬೊಲೆರೊದ ಹಿಂದಿನ ನೆಲ ಅಂಗಳದಿಂದ 74 ಸೆಂ.ಮೀ. ಎತ್ತರ ಇತ್ತು. 4 ಅಡಿ ಹಲಗೆ ಆನಿಸಿದರೆ ಏರು ಸುಮಾರು 37 ಡಿಗ್ರಿ. ಅದು ಹೆಚ್ಚೂಕಡಿಮೆ ಏಣಿ. ಆನ್‌ಲೈನ್‌ನಲ್ಲಿ ಮಗ ನೋಡಿಟ್ಟಿದ್ದ 5 ಅಡಿಯ ಪ್ಲಾಸ್ಟಿಕ್ ರ‍್ಯಾಂಪ್‌ಗೂ 29 ಡಿಗ್ರಿ ಬರುತ್ತಿತ್ತು. 8 ಅಡಿ ಇದ್ದರೆ 18ಕ್ಕೆ ಇಳಿಯುತ್ತದೆ. ಏರುವಾಗ ನಾಯಿಯ ಭಾರ ಹಿಂಗಾಲಿಗೆ ಬೀಳುತ್ತದೆ. ಗುಂಡನ ಕೆಟ್ಟ ಕೀಲು ಇರುವುದೂ ಅಲ್ಲೇ. ಹಾಗಾಗಿ 8 ಅಡಿಗಿಂತ ಚಿಕ್ಕದು ಬೇಡ ಎಂದೆ.

8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಸೀಳಿದರೆ 2 ಅಡಿ ಅಗಲದ ಎರಡು ಹಲಗೆ ಆಗುತ್ತವೆ. 12 ಎಂಎಂ ಪ್ಲೈ ತಂದೆವು. ದಪ್ಪದ್ದು ತಂದರೆ ಎತ್ತಿಡುವುದೇ ಕಷ್ಟ. ಬಡಿಗೇರ ಅಡಿಯಲ್ಲಿ ಉದ್ದಕ್ಕೂ ಮೂರು ಮರದ ಪಟ್ಟಿ ಹೊಡೆದ. ಆ ಪಟ್ಟಿಗಳು ಬಹಳ ಮುಖ್ಯ. ಬರೀ ಪ್ಲೈ ಆದರೆ ನಡುವೆ ಕಾಲಿಟ್ಟಾಗ ಬಗ್ಗುತ್ತದೆ, ಕಿರ್ ಎನ್ನುತ್ತದೆ. ಅಂಜುವ ನಾಯಿಗೆ ಎತ್ತರಕ್ಕಿಂತ ದೊಡ್ಡ ಭಯ ಕಾಲಡಿಯ ನೆಲ ಅಲುಗುವುದು. ನಾನೇ ನಡುವೆ ನಿಂತು ಜಿಗಿದು ನೋಡಿದೆ. ಅಲುಗಲಿಲ್ಲ. ಮೇಲಿನ ತುದಿಗೆ ವೆಲ್ಡಿಂಗ್ ಅಂಗಡಿಯಿಂದ ಎರಡು ಕಬ್ಬಿಣದ ಕೊಕ್ಕೆ ಮಾಡಿಸಿದೆವು. ಬೊಲೆರೊದ ಬಾಗಿಲ ಅಂಚಿಗೆ ಅವು ಕಚ್ಚಿಕೊಂಡರೆ ಹಲಗೆ ಜಾರುವ ಮಾತೇ ಇಲ್ಲ.

ಮೇಲೆ ಏನು ಹಾಸುವುದು? ಅಕ್ಕೋರು ಗುಂಡ ಮಲಗುವ ಕೌದಿ ತಂದರು. ವಾಸನೆ ಪರಿಚಯದ್ದು, ಯೋಚನೆ ಒಳ್ಳೆಯದೇ. ಆದರೆ ಕೌದಿ ಮೆತ್ತಗೆ, ಕಾಲು ಜಾರುತ್ತದೆ. ಅದನ್ನು ಬೊಲೆರೊ ಒಳಗೆ ಹಾಸಲು ಎತ್ತಿಟ್ಟು, ಹಲಗೆಗೆ ಹಳೆಯ ಕರಿ ಕಂಬಳಿ ಬಿಗಿದು ಅಂಚಿನುದ್ದಕ್ಕೂ ಮೊಳೆ ಹೊಡೆದೆವು. ಕಂಬಳಿಯ ಒರಟು ನೂಲಿಗೆ ಉಗುರು ಚೆನ್ನಾಗಿ ಹಿಡಿಯುತ್ತದೆ.

ಮೊದಲ ದಿನ ಹಲಗೆಯನ್ನು ಅಂಗಳದಲ್ಲಿ ನೆಲಕ್ಕೆ ಮಲಗಿಸಿದೆ. ಬೊಲೆರೊವನ್ನು ರಸ್ತೆಯಲ್ಲೇ ನಿಲ್ಲಿಸಿದ್ದೆವು. ಗುಂಡ ಹತ್ತು ಅಡಿ ದೂರ ನಿಂತ. ಬಾಲ ಹೊಟ್ಟೆಗೆ ಅಂಟಿತ್ತು. ತುಟಿ ನೆಕ್ಕಿಕೊಂಡ, ಆಕಳಿಸಿದ, ಕಣ್ಣಿನ ಬಿಳಿ ಕಂಡಿತು. ನಿದ್ದೆ ಬಂದು ಆಕಳಿಸಿದ್ದಲ್ಲ ಅದು. ಜೀವಕ್ಕೆ ಕಸಿವಿಸಿ ಆದಾಗ ನಾಯಿ ಹೀಗೆ ಮಾಡುತ್ತದೆ. ರೊಟ್ಟಿ ಚೂರು ಎಸೆದೆ, ಮೂಸಿ ಬಿಟ್ಟ. ಹಸಿದ ನಾಯಿ ತಿನ್ನಲಿಲ್ಲ ಅಂದರೆ ನಾವು ಭಯದ ವಸ್ತುವಿಗೆ ತೀರಾ ಹತ್ತಿರ ಇದ್ದೇವೆ ಎಂದರ್ಥ. ಇನ್ನೂ ಐದು ಅಡಿ ಹಿಂದೆ ಕರೆದೊಯ್ದೆ. ಅಲ್ಲಿ ತಿಂದ. ನಮ್ಮ ಪಾಠ ಶುರುವಾದದ್ದು ಅಲ್ಲಿಂದ, ಹಲಗೆಯಿಂದ ಹದಿನೈದು ಅಡಿ ದೂರದಲ್ಲಿ.

ಈ ಮನೆಯಲ್ಲಿ ಮಾಂಸ ಇಲ್ಲ. ಸಾಮಾನ್ಯವಾಗಿ ನಾನು ಬೇಯಿಸಿದ ಕೋಳಿ ಬಳಸುತ್ತೇನೆ. ಇಲ್ಲಿ ಜೋಳದ ರೊಟ್ಟಿಯ ಚೂರು ಮತ್ತು ಪನೀರ್. ಉಗುರಿನಷ್ಟು ಚಿಕ್ಕ ತುಂಡು ಸಾಕು. ಪ್ರೀತಿಗೆ ಪೇಢೆ ಕೊಡುವ ರೂಢಿ ಇತ್ತು, ಅದನ್ನು ಬಿಡಿಸಿದೆ. ಸಕ್ಕರೆ, ಖೋವಾ ಸೇರಿ ತೂಕ ಏರಿದರೆ ಅದೇ ಸೊಂಟ ಹೊರಬೇಕಲ್ವಾ? ಗುಂಡ ಸರಿಯಾಗಿ ಮಾಡಿದ ಕ್ಷಣಕ್ಕೇ ಹೇಳಲು ಒಂದು ಮಾತು ಬೇಕಿತ್ತು. ಮಾಸ್ತರು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ "ಭೇಷ್" ಅನ್ನೇ ಇಟ್ಟುಕೊಂಡೆವು. ಮೊದಲು "ಭೇಷ್", ಹಿಂದೆಯೇ ತುಂಡು. ಕುತ್ತಿಗೆ ಪಟ್ಟಿ ಬಿಚ್ಚಿಸಿ ಎದೆಗೆ ಹಾಕುವ ಪಟ್ಟಿ ತರಿಸಿದೆ. ಹಗ್ಗ ಯಾವಾಗಲೂ ಸಡಿಲ. ನಾವು ಮುಂದಕ್ಕೆ ಎಳೆದರೆ ನಾಯಿ ಹಿಂದಕ್ಕೆ ಎಳೆಯುತ್ತದೆ, ಎಮ್ಮೆಯಾದರೂ ಹಾಗೇ ಮಾಡುತ್ತದೆ.

ಒಂದು ನಿಯಮ ಮಾತ್ರ ನಾನು ಯಾರಿಗೂ ಮುರಿಯಲು ಬಿಡಲಿಲ್ಲ. ಗುಂಡ ಹಿಂದೆ ಸರಿದರೆ ಸರಿಯಲಿ. ಯಾರೂ ತಡೆಯಬಾರದು, ಬೈಯಬಾರದು, "ಹೋಗೋ ಹೋಗೋ" ಎಂದು ಬೆನ್ನು ನೂಕಬಾರದು. ಪಾಠ ದಿನಕ್ಕೆ ಎರಡು ಸಲ, ಐದೈದು ನಿಮಿಷ.

ಮಾಸ್ತರಿಗೆ ಇದು ನಿಧಾನ ಅನ್ನಿಸಿತು. ಊಟದ ಸೂಚನೆ ಕೇಳಿದರೇ ಜೊಲ್ಲು ಸುರಿಸಲು ಕಲಿತ ಪಾವ್ಲೋವ್‌ನ ನಾಯಿಯ ಬಗ್ಗೆ ಬಿ.ಎಡ್‌ನಲ್ಲಿ ಓದಿದ್ದ ಅವರಿಗೆ ನಾನು ಪೀಟರ್ ಎಂಬ ಮಗುವಿನ ಕತೆ ಹೇಳಿದೆ. ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಇನ್ನೂ ಮೂರು ತುಂಬದ ಪೀಟರ್‌ಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿ ಇಡುತ್ತಿದ್ದರು. ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತರುತ್ತಿದ್ದರು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿಸಿತು. ಮಾಸ್ತರು ಸ್ವಲ್ಪ ಹೊತ್ತು ಸುಮ್ನೆ ಕೂತು, "ಹಂಗಾದ್ರ ನಮ್ಮ ಗುಂಡ್ಯಾನ ಮೊಲ ಈ ಹಲಗಿ" ಎಂದರು. ಆಮೇಲೆ ಅವಸರ ಮಾಡಲಿಲ್ಲ.

ಎರಡನೇ ದಿನ ಗುಂಡ ಹಲಗೆಯ ಪಕ್ಕದಲ್ಲಿ ತಿಂದ. ಮೂರನೇ ದಿನ ಕಂಬಳಿ ಮೇಲಿನ ಚೂರಿಗೆ ಕುತ್ತಿಗೆ ಚಾಚಿದ. ಕಾಲು ದೂರವೇ ಇದ್ದವು, ಮೈ ಬಿಲ್ಲಿನ ಹಾಗೆ ಉದ್ದ ಆಗಿತ್ತು. ಸಂಜೆ ಒಂದು ಮುಂಗಾಲು ಇಟ್ಟ. ಬೆರಳು ಅಗಲ ಮಾಡಿ, ಉಗುರು ಕಂಬಳಿಗೆ ಚುಚ್ಚಿ, ಹಾಗೇ ನಿಂತ. "ಭೇಷ್." ತಿಂದು ಹಿಂದೆ ಸರಿದ. ಮತ್ತೆ ತಾನೇ ಬಂದು ಇಟ್ಟ. ಹೀಗೆ ಏಳು ಸಲ.

ಮುಂಗಾಲು ಸುಲಭ. ಹಿಂಗಾಲಿನದೇ ಕಷ್ಟ. ಎಷ್ಟೋ ನಾಯಿಗಳಿಗೆ ಹಿಂಗಾಲು ಎಲ್ಲಿ ಬೀಳುತ್ತಿದೆ ಎಂಬ ಲಕ್ಷ್ಯವೇ ಇರುವುದಿಲ್ಲ. ಮುಂದಿನವು ಹೋದಲ್ಲಿ ಹಿಂದಿನವು ಬರುತ್ತವೆ, ಅಷ್ಟೇ. ಕೀಲು ನೋಯುವ ನಾಯಿಗೆ ಇದು ಇನ್ನೂ ಜಾಸ್ತಿ. ಅದಕ್ಕೆ ನೆಲದ ಮೇಲೆ ಬಿದಿರಿನ ಏಣಿ ಮಲಗಿಸಿ, ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಕಾಲಿಟ್ಟು ನಿಧಾನ ದಾಟಿಸಿದೆ. ಮೊದಲ ಸಲ ಹಿಂಗಾಲು ಮೆಟ್ಟಿಲಿಗೆ ಟಕ್ ಎಂದು ತಾಗಿತು. ಗುಂಡ ನಿಂತು ತಿರುಗಿ ತನ್ನ ಕಾಲನ್ನೇ ನೋಡಿದ. ಎರಡು ದಿನದಲ್ಲಿ ಕಾಲೆತ್ತಿ ದಾಟುವುದು ಬಂತು. ಐದನೇ ದಿನದ ಸಂಜೆ ನಾಲ್ಕೂ ಕಾಲು ಹಲಗೆಯ ಮೇಲಿದ್ದವು. ಹಿಂದಿನ ಎಡಗಾಲು ನಡುಗುತ್ತಿತ್ತು. ನಾನು ಮಾತಾಡಲಿಲ್ಲ. ಅವನು ಒಮ್ಮೆ ಉಸಿರು ಬಿಟ್ಟ, ಮೂಗಿನಿಂದ, ಜೋರಾಗಿ. ನಡುಕ ನಿಂತಿತು. ಬಾಗಿಲಲ್ಲಿ ನಿಂತಿದ್ದ ಅಕ್ಕೋರ ಕಣ್ಣಲ್ಲಿ ನೀರು.

ಆಮೇಲೆ ಹಲಗೆಯ ಒಂದು ತುದಿಗೆ ಒಂದು ಇಟ್ಟಿಗೆ, ಮರುದಿನ ಎರಡು. ಏರುವುದು, ಇಳಿಯುವುದು, ಎರಡೂ ಕಡೆ ನಡೆಸಿದೆ. ಬೊಲೆರೊದ ಪಾಠ ಬೇರೆಯಾಗಿ ನಡೆದಿತ್ತು. ಬಾಗಿಲು ತೆರೆದು ನಿಲ್ಲಿಸಿದ ಗಾಡಿಯ ಹತ್ತಿರ ಅಕ್ಕೋರು ಸಂಜೆಯ ಊಟ ಇಡುತ್ತಿದ್ದರು, ದಿನಾ ಒಂದು ಹೆಜ್ಜೆ ಹತ್ತಿರ. ಎರಡು ಭಯವನ್ನು ಒಟ್ಟಿಗೆ ಕೈಗೆತ್ತಿಕೊಳ್ಳಬಾರದು.

ಎಲ್ಲ ಚೆನ್ನಾಗಿ ನಡೆದಿತ್ತು. ಅಲ್ಲೇ ನಾನು ತಪ್ಪಿದೆ. ಹತ್ತನೇ ದಿನ ಹಲಗೆಯನ್ನು ಅಂಗಳದಿಂದ ನೇರ ಬೊಲೆರೊಗೆ ಹಚ್ಚಿದೆ. ಎರಡು ಇಟ್ಟಿಗೆಯಿಂದ 74 ಸೆಂ.ಮೀ.ಗೆ ಒಂದೇ ಸಲ. ಗುಂಡ ಮೂರು ಅಡಿ ಏರಿದ. ಅದು ಜುಲೈ ತಿಂಗಳು. ಧಾರವಾಡದ ಮಳೆಗಾಲದ ಗಾಳಿ ನಿಮಗೆ ಗೊತ್ತಲ್ವಾ. ಬೊಲೆರೊದ ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಮೇಲೆ ಸ್ಟೆಪ್ನಿಯ ಭಾರ ಬೇರೆ. ಗಾಳಿಗೆ ಬಾಗಿಲು ತಿರುಗಿ ಬಂದು ಹಲಗೆಯ ಕೊಕ್ಕೆಗೆ ಢಣ್ ಎಂದು ಬಡಿಯಿತು. ಗುಂಡ ಪಕ್ಕಕ್ಕೆ ಹಾರಿದ. ಹಾರಬಾರದ ನಾಯಿ. ಹಿತ್ತಲಿನ ಮಾವಿನ ಗಿಡದ ಬುಡದಲ್ಲಿ ಹೋಗಿ ಕೂತವನು ರಾತ್ರಿ ಊಟಕ್ಕೂ ಬರಲಿಲ್ಲ. ಬಾಗಿಲಿಗೆ ಒಂದು ಹಗ್ಗ ಕಟ್ಟಿದ್ದರೆ ಸಾಕಿತ್ತು. ಕಟ್ಟಲಿಲ್ಲ. ಅದು ನನ್ನ ಕೆಲಸವಾಗಿತ್ತು.

ಮರುದಿನ ಪಶುವೈದ್ಯರಿಗೆ ಫೋನ್ ಮಾಡಿ ಕೇಳಿದೆ. ಕುಂಟದಿದ್ದರೆ ಎರಡು ದಿನ ಬಿಡುವು ಕೊಡಿ ಎಂದರು. ಹದಿಮೂರನೇ ದಿನ ಮತ್ತೆ ನೆಲದ ಹಲಗೆಯಿಂದಲೇ ಶುರು ಮಾಡಿದೆವು. ಒಂದು ಸಮಾಧಾನ ಅಂದರೆ, ಮೊದಲು ಐದು ದಿನ ಹಿಡಿದದ್ದು ಈಗ ಒಂದೇ ದಿನದಲ್ಲಿ ಬಂತು. ಹಲಗೆಯ ಮೇಲಿನ ನಂಬಿಕೆ ಪೂರ್ತಿ ಹೋಗಿರಲಿಲ್ಲ. ಹೋಗಿದ್ದು ಬೊಲೆರೊದ್ದು.

ಮುಂದಿನ ದಾರಿ ತೋರಿಸಿದ್ದು ಮಾಸ್ತರು. ಅವರದು ಶಿಗ್ಗಾಂವಿ ಕಡೆಯ ಹಳ್ಳಿ, ಒಕ್ಕಲುತನದ ಮನೆ. ಚಹಾ ಕುಡಿಯುತ್ತಾ ಹೇಳಿದರು:

"ತಮ್ಮಾ, ನಮ್ಮಪ್ಪ ಹಾವೇರಿ ಸಂತಿಗೆ ಎತ್ತು ಒಯ್ಯುವಾಗ ಲಾರಿಗೆ ಎಂದೂ ಹಲಗಿ ಹಚ್ಚಲಿಲ್ಲ. ಲಾರೀನ ತಂದು ಒಡ್ಡಿಗೆ ಹಚ್ಚತಿದ್ರು. ಎತ್ತು ಏರತಿದ್ದಿಲ್ಲ. ಸುಮ್ನ ನಡಕೊಂತ ಒಳಗ ಹೋಗತಿತ್ತು."

ನಾನು ಎದ್ದು ಮನೆಯ ಮುಂದಿನ ಕಟ್ಟೆ ಅಳೆದೆ. 45 ಸೆಂ.ಮೀ. ಗುಂಡ ದಿನಾ ಮೂರು ಸಣ್ಣ ಮೆಟ್ಟಿಲು ಹತ್ತಿ ಆ ಕಟ್ಟೆಗೆ ಹೋಗುತ್ತಾನೆ, ಮಧ್ಯಾಹ್ನ ಅಲ್ಲೇ ಮಲಗುತ್ತಾನೆ. ಬೊಲೆರೊವನ್ನು ಕಟ್ಟೆಗೆ ಹಿಮ್ಮುಖ ತಂದರೆ ಉಳಿಯುವ ಎತ್ತರ 29 ಸೆಂ.ಮೀ. ಮಾತ್ರ. 8 ಅಡಿ ಹಲಗೆಗೆ ಅದು 7 ಡಿಗ್ರಿ. ಏರು ಎನ್ನುವ ಹಾಗೇ ಇಲ್ಲ. ಇಷ್ಟು ದಿನ ನಾನು ದಿನಾ ಕೂತು ಚಹಾ ಕುಡಿದದ್ದು ಆ ಕಟ್ಟೆಯ ಮೇಲೇ.

ಹದಿನೈದನೇ ದಿನ ಹಾಗೇ ಹಚ್ಚಿದೆವು. ಬಾಗಿಲನ್ನು ಕಂಬಕ್ಕೆ ಹಗ್ಗ ಹಾಕಿ ಬಿಗಿದೆ. ಹಲಗೆಯ ಕೆಳಗೆ ಖಾಲಿ ಜಾಗ ಕಾಣುತ್ತಿತ್ತು, ಅದಕ್ಕೆ ಒಂದು ಪಕ್ಕದಲ್ಲಿ ಹೊರಸನ್ನು ಅಡ್ಡ ನಿಲ್ಲಿಸಿ ಗೋಡೆ ಮಾಡಿದೆವು. ಇನ್ನೊಂದು ಪಕ್ಕಕ್ಕೆ ನಾನು. ಬೊಲೆರೊದ ಹಿಂದಿನ ಸೀಟುಗಳನ್ನು ಮಡಚಿ ಕೌದಿ ಹಾಸಿದರು ಅಕ್ಕೋರು. ಆ ದಿನ ಗುಂಡ ಹಲಗೆಯ ಅರ್ಧ ಬಂದು, ಬೊಲೆರೊದ ಕಡೆ ಮೂಗು ಎತ್ತಿ ಮೂಸಿ, ಹಿಂದೆ ನಡೆದ. ಬಿಟ್ಟೆವು. ಮರುದಿನ ಬೆಳಿಗ್ಗೆ ಮಾಸ್ತರು ತಾವೇ ಒಳಗೆ ಹೋಗಿ ಕೌದಿ ಮೇಲೆ ಕೂತು ಪೇಪರ್ ಓದತೊಡಗಿದರು. ಕರೆಯಲಿಲ್ಲ, ಕೈಯಲ್ಲಿ ತಿಂಡಿ ಇರಲಿಲ್ಲ. ಗುಂಡ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷ ನೋಡಿದ. ಆಮೇಲೆ ಎದ್ದ. ತಲೆ ತಗ್ಗಿಸಿ, ಒಂದೊಂದೇ ಕಾಲು ನೋಡಿ ಇಡುತ್ತಾ, ಹಲಗೆ ದಾಟಿ, ಮಾಸ್ತರ ಮಗ್ಗುಲಿಗೆ ಹೋಗಿ ಗದ್ದವನ್ನು ಅವರ ತೊಡೆಯ ಮೇಲೆ ಇಟ್ಟ.

"ಭೇಷ್" ಎನ್ನಲು ಮಾಸ್ತರಿಗೆ ಗಂಟಲು ಕಟ್ಟಿತ್ತು. ನಾನೇ ಹೇಳಿದೆ.

ಇಳಿಸುವುದಕ್ಕೆ ಇನ್ನೆರಡು ದಿನ ಹೋಯಿತು. ಏರುವುದಕ್ಕಿಂತ ಇಳಿಯುವುದು ನಾಯಿಗೆ ಕಷ್ಟ. ಬೇಗ ಮುಗಿಸೋಣ ಎಂದು ಓಡುತ್ತದೆ, ನಡುವಿನಿಂದಲೇ ಹಾರುತ್ತದೆ. ಹಲಗೆಯ ಉದ್ದಕ್ಕೂ ಅಡಿಗೊಂದು ರೊಟ್ಟಿ ಚೂರು ಇಟ್ಟೆ. ಮೂಗು ಕಂಬಳಿಗೆ ಅಂಟಿದ ನಾಯಿ ಓಡುವುದಿಲ್ಲ. ಆಮೇಲೆ ಎಂಜಿನ್ ಶುರು ಮಾಡಿ ಒಳಗೆ ಕೂರಿಸುವುದು, ಗೇಟಿನವರೆಗೆ ಹೋಗಿ ಬರುವುದು, ಕರ್ನಾಟಕ ಕಾಲೇಜಿನವರೆಗೆ ಒಂದು ಸುತ್ತು. ಇವೆಲ್ಲ ಸಲೀಸಾಗಿ ಆದವು.

ಡಾಕ್ಟರ್ ಬಾಗಿಲಲ್ಲಿ ಕಟ್ಟೆ ಇರುವುದಿಲ್ಲವಲ್ಲ. ಹಾಗಾಗಿ ಎತ್ತರವನ್ನು ಮೆಲ್ಲಗೆ ಕೂಡಿಸಿದೆವು. ಕಟ್ಟೆಯ ನಡುವಿನ ಮೆಟ್ಟಿಲಿಗೆ ಹಲಗೆ ಇಟ್ಟು ಎರಡು ದಿನ, ಕೆಳಗಿನ ಮೆಟ್ಟಿಲಿಗೆ ಎರಡು ದಿನ. ಇಪ್ಪತ್ತೈದನೇ ದಿನ ಪೂರ್ತಿ ಅಂಗಳದಿಂದ. 18 ಡಿಗ್ರಿಯನ್ನು ಗುಂಡ ನಿಧಾನವಾಗಿ, ಒಮ್ಮೆ ನಡುವೆ ನಿಂತು, ಏರಿದ. ನಿಂತಾಗ ಯಾರೂ ಮಾತಾಡಲಿಲ್ಲ. ಆ ಹೊತ್ತಿಗೆ ಮಳೆಗೆ ಕಂಬಳಿ ನೆನೆದು ಭಾರವಾಗುತ್ತಿತ್ತು. ಅದನ್ನು ತೆಗೆದು ಗೀರು ಇರುವ ರಬ್ಬರ್ ಮ್ಯಾಟ್ ಅಂಟಿಸಿದೆವು. ಬದಲಾಯಿಸಿದ ದಿನ ಹಲಗೆಯನ್ನು ಮತ್ತೊಮ್ಮೆ ನೆಲಕ್ಕೆ ಮಲಗಿಸಿ ನಡೆಸಿದೆ. ಕಾಲಿಗೆ ಅದು ಹೊಸ ನೆಲ.

ಇಪ್ಪತ್ತಾರನೇ ದಿನ ಹುಬ್ಬಳ್ಳಿಗೆ ಹೊರಟೆವು. ನವಲೂರು ದಾಟಿದ ಮೇಲೆ ಗುಂಡ ಕೌದಿ ಮೇಲೆ ಮಲಗಿದ. ಉಣಕಲ್ ಕೆರೆಯ ಹತ್ತಿರ ತಲೆ ಎತ್ತಿ ಕಿಟಕಿಯಿಂದ ನೀರು ನೋಡಿದ. ಆಸ್ಪತ್ರೆಯ ಮುಂದೆ ರಸ್ತೆ ಇಳಿಜಾರಾಗಿತ್ತು. ಬೊಲೆರೊದ ಹಿಂಭಾಗ ಏರಿನ ಕಡೆ ಬರುವ ಹಾಗೆ ನಿಲ್ಲಿಸಿದ ಮಗ, ನಾನು ಹೇಳುವ ಮೊದಲೇ. ಅಷ್ಟಕ್ಕೇ ಹಲಗೆಯ ಏರು ಕಾಲುಭಾಗ ಕಡಿಮೆ ಆಯಿತು. ಮಳೆ ಹನಿ ಬೀಳುತ್ತಿತ್ತು. ಅಕ್ಕೋರು ಸೆರಗಿನಿಂದ ಮ್ಯಾಟ್ ಒರೆಸಿದರು. ಗುಂಡ ಇಳಿದ.

ಎಕ್ಸ್‌ರೇಯಲ್ಲಿ ಎರಡೂ ಕಡೆ ಕೀಲು ಸವೆದದ್ದು ಕಂಡಿತು. ಎಡಕ್ಕೆ ಜಾಸ್ತಿ. 4 ಕೆಜಿ ಇಳಿಸಬೇಕು, ಗುಳಿಗೆ ಮುಂದುವರಿಸಬೇಕು, ಮೂರು ತಿಂಗಳಿಗೆ ಮತ್ತೆ ತೋರಿಸಬೇಕು ಎಂದರು ಡಾಕ್ಟರ್. ಪಾಠದ ರೊಟ್ಟಿ ಚೂರುಗಳನ್ನು ಇನ್ನು ಮೇಲೆ ಅವನ ಊಟದಲ್ಲೇ ಕಳೆಯಿರಿ ಎಂದು ನಾನು ಅಕ್ಕೋರಿಗೆ ಹೇಳಿದೆ. ಮನಸ್ಸಿಲ್ಲದ ಮನಸ್ಸಿನಿಂದ "ಆತು" ಎಂದರು.

ಹೊರಡುವಾಗ ಆಸ್ಪತ್ರೆಯ ಹುಡುಗರಿಬ್ಬರು ನಾಯಿಯನ್ನು ಎತ್ತಲು ಓಡಿ ಬಂದರು. ಮಾಸ್ತರು ಕೈ ಅಡ್ಡ ಹಿಡಿದು, "ಬ್ಯಾಡ್ರೆಪಾ, ಸ್ವಲ್ಪ ದೂರ ನಿಲ್ರಿ" ಎಂದರು. ಹುಡುಗರು ಸರಿದು ನಿಂತರು. ಗುಂಡ ಹಲಗೆಯ ಬುಡದಲ್ಲಿ ನಿಂತು ಅವರನ್ನು ನೋಡಿದ, ಬಾಗಿಲನ್ನು ನೋಡಿದ, ಬಾಗಿಲಿಗೆ ಕಟ್ಟಿದ ಹಗ್ಗವನ್ನೂ ಮೂಸಿದ. ಆಮೇಲೆ ಏರಿದ.